ಥಾಣೆ ಖಾಡಿ: ನಮ್ಮ ನೆರೆಯ ಉಪ್ಪುನೀರಿನ ಭೂಗೋಳ ಮತ್ತು ಜೀವಸಂಕುಲ

ಮುಂಬ್ರಾ, ಕಲ್ವಾ, ಥಾಣೆ, ಡೊಂಬಿವಲಿ, ಕಲ್ಯಾಣ ಹಾಗೂ ನವಿಮುಂಬಯಿ ಪರಿಸರದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಬಹುತೇಕರು ಉದ್ಯೋಗ ನಿಮಿತ್ತ ದಿನಕ್ಕೆ ಎರಡು ಬಾರಿ ಉಪ್ಪುನೀರನ್ನು ದಾಟುತ್ತೇವೆ. ಥಾಣೆ ಮತ್ತು ಕಲ್ವಾ ನಡುವಣ ರೈಲ್ವೆ ಸೇತುವೆಯಾಗಲಿ, ಐರೋಲಿ ಸೇತುವೆಯಾಗಲಿ, ಮಾನ್‌ಖುರ್ದ್‌ನಿಂದ ವಾಶಿಗೆ ಸಾಗುವ ಹಳಿಯಾಗಲಿ, ಕಿಟಕಿಯಾಚೆ ಕಾಣುವುದು ಒಂದೇ ನೋಟ: ಬೂದುಬಣ್ಣದ ಕೆಸರು, ಅದರಂಚಿಗೆ ಹಸಿರು ಪೊದೆಗಳ ಸಾಲು, ನಡುವೆ ಕಲಕಿದ ನೀರು. ಇದನ್ನು ಖಾಲಿ ಬಿದ್ದಿರುವ ಜಾಗವೆಂದು ಭಾವಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಆದರೆ ಇದೇ ಥಾಣೆ ಖಾಡಿಯು 2022ರ ಆಗಸ್ಟ್ ತಿಂಗಳಲ್ಲಿ, ಅಂತಾರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಯಲ್ಲಿ ಭಾರತದ ಎಪ್ಪತ್ತೈದು ತಾಣಗಳ ಪೈಕಿ ಒಂದಾಗಿ ಘೋಷಿತವಾಯಿತು. ಈ ಉಪ್ಪುನೀರಿನ ಭೂಗೋಳವೇನು, ಇಲ್ಲಿ ಯಾವ ಜೀವಿಗಳು ಬಾಳುತ್ತಿವೆ, ಅವು ಯಾವುದರ ಆಧಾರದಿಂದ ಉಳಿದಿವೆ ಎಂಬುದನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ನೆಲೆ ಮತ್ತು ಸ್ವರೂಪ

ಮರಾಠಿಯ 'ಖಾಡಿ' ಎಂಬ ಪದ ಇಲ್ಲಿಯ ಕನ್ನಡಿಗರ ಮಾತಿನಲ್ಲಿಯೂ ಬೆರೆತುಹೋಗಿದೆ. ಸಮುದ್ರವು ನೆಲದೊಳಕ್ಕೆ ಚಾಚಿದ ತೋಳೇ ಖಾಡಿ. ಥಾಣೆ ಖಾಡಿಯು ದಕ್ಷಿಣದಲ್ಲಿ ಮುಂಬಯಿ ಬಂದರಿನ ವಿಶಾಲ ಜಲರಾಶಿಯಿಂದ ಹೊರಟು ಉತ್ತರಾಭಿಮುಖವಾಗಿ ಸುಮಾರು 26 ಕಿಲೋಮೀಟರು ಸಾಗಿ ಥಾಣೆ ನಗರದ ಬಳಿ ಕಿರಿದಾಗುತ್ತದೆ. ಪಶ್ಚಿಮಕ್ಕೆ ಸಾಷ್ಟಿ ದ್ವೀಪ, ಅಂದರೆ ಟ್ರಾಂಬೆ, ಘಾಟ್ಕೋಪರ್, ವಿಕ್ರೋಲಿ, ಭಾಂಡುಪ್, ಮುಲುಂಡ್‌ಗಳ ಅಂಚು. ಪೂರ್ವಕ್ಕೆ ವಾಶಿ, ಘಣಸೋಲಿ, ಐರೋಲಿ. ಅವುಗಳ ಬೆನ್ನಿಗೆ ಪಾರ್ಸಿಕ್ ಬೆಟ್ಟಗಳ ಸಾಲು. ಈ ಬೆಟ್ಟಗಳ ಕಲ್ಲು ದಖ್ಖನ್ ಪ್ರಸ್ಥಭೂಮಿಯ ಕರಿಕಲ್ಲೇ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ ಹೆಪ್ಪುಗಟ್ಟಿ ಆದದ್ದು.

ಮುಂಬ್ರಾದ ನೆಲೆ ಇಲ್ಲಿ ವಿಶಿಷ್ಟವಾದುದು. ಒಂದು ಮಗ್ಗುಲಿಗೆ ಪಾರ್ಸಿಕ್ ಬೆಟ್ಟ ಹಾಗೂ ಅದರ ಮೇಲಿನ ಮುಂಬ್ರಾದೇವಿ, ಇನ್ನೊಂದು ಮಗ್ಗುಲಿಗೆ ಉಲ್ಹಾಸ ನದಿಯ ಅಳಿವೆ. ಸಹ್ಯಾದ್ರಿಯ ರಾಜ್‌ಮಾಚಿ ಪರಿಸರದಲ್ಲಿ ಹುಟ್ಟುವ ಉಲ್ಹಾಸವು ಕರ್ಜತ್, ಬದ್ಲಾಪುರ, ಕಲ್ಯಾಣ, ಡೊಂಬಿವಲಿಗಳನ್ನು ಹಾದು ಮುಂಬ್ರಾದ ಬದಿಗೆ ಬರುವಾಗ ಸಿಹಿನೀರಿನ ನದಿಯಾಗಿ ಉಳಿದಿರುವುದಿಲ್ಲ. ಸಮುದ್ರದ ಉಬ್ಬರ ಅಲ್ಲಿಯವರೆಗೂ ಏರಿ ಬರುತ್ತದೆ. ಅಲ್ಲಿಂದ ಅದು ಥಾಣೆಯನ್ನು ಬಳಸಿ, ಘೋಡಬಂದರ್ ದಾರಿಯಾಗಿ ವಸಾಯಿ ಖಾಡಿಯ ಮೂಲಕ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಥಾಣೆ ಮತ್ತು ಕಲ್ವಾ ನಡುವೆ ಒಂದು ಇಕ್ಕಟ್ಟಾದ ಕವಲು ಮಾತ್ರ ಈ ಅಳಿವೆಯನ್ನು ಥಾಣೆ ಖಾಡಿಗೆ ಜೋಡಿಸುತ್ತದೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ಬಂದ ರೈಲು 1854ರಲ್ಲಿ ಕಲ್ಯಾಣವನ್ನು ಮುಟ್ಟಬೇಕಾದರೆ ಈ ಕವಲಿನ ಮೇಲೆಯೇ ಸೇತುವೆ ಕಟ್ಟಿ, ಪಾರ್ಸಿಕ್ ಬೆಟ್ಟದ ಅಂಚನ್ನು ಕೊರೆದು ಸಾಗಬೇಕಾಯಿತು.

ಈ ಕವಲು ಕಿರಿದಾಗಿರುವುದರಿಂದಲೇ ಖಾಡಿಗೆ ಅದರ ಗುಣ ಬಂದಿದೆ. ಉತ್ತರದ ತುದಿ ಬಹುಮಟ್ಟಿಗೆ ಮುಚ್ಚಿದಂತಿರುವುದರಿಂದ ಮಳೆಗಾಲದ ಹೊರತು ಇಲ್ಲಿಗೆ ಸಿಹಿನೀರು ವಿಶೇಷವಾಗಿ ಬರುವುದಿಲ್ಲ. ಬೇಸಿಗೆಯ ತಿಂಗಳುಗಳಲ್ಲಿ ನೀರಿನ ಉಪ್ಪಿನಂಶ ಸಮುದ್ರದ ಮಟ್ಟಕ್ಕೆ, ಎಂದರೆ ಲೀಟರಿಗೆ ಸುಮಾರು 35 ಗ್ರಾಮಿನ ಸಮೀಪಕ್ಕೆ ಏರುತ್ತದೆ. ಮಳೆಗಾಲದಲ್ಲಿ ಸಾಕಷ್ಟು ಇಳಿಯುತ್ತದೆ. ಒಳಗೆ ಬಂದ ಹೂಳು ಸುಲಭವಾಗಿ ಹೊರಗೆ ಹೋಗದೆ ಎರಡೂ ದಡಗಳಲ್ಲಿ ತಂಗಿ ಹರವಾದ ಕೆಸರುಬಯಲುಗಳಾಗುತ್ತದೆ.

ಉಪ್ಪುನೀರಿನ ಸರೋವರಗಳು: ಒಂದು ಹೋಲಿಕೆ

ಥಾಣೆ ಖಾಡಿ ಸರೋವರವಲ್ಲ. ಆದರೂ ಇಲ್ಲಿಯ ಹಕ್ಕಿಗಳ ಬದುಕನ್ನು ಅರಿಯಬೇಕಾದರೆ ಒಳನಾಡಿನ ಉಪ್ಪುಸರೋವರಗಳ ಪರಿಚಯ ಅಗತ್ಯ. ಏಕೆಂದರೆ ಖಾಡಿಯ ಅತಿ ಪ್ರಸಿದ್ಧ ಅತಿಥಿಯಾದ ರಾಜಹಂಸದ ಮೂಲ ನೆಲೆ ಅಂತಹ ಸರೋವರಗಳೇ.

ನದಿಯೊಂದು ಸಮುದ್ರವನ್ನು ಸೇರದೆ ತಗ್ಗಿನಲ್ಲಿ ನಿಂತುಬಿಟ್ಟರೆ ನೀರು ಆವಿಯಾಗುತ್ತದೆ, ಅದು ಹೊತ್ತು ತಂದ ಲವಣಗಳು ಉಳಿಯುತ್ತವೆ. ವರ್ಷ ವರ್ಷವೂ ಹೀಗೆ ಸೇರುತ್ತ ಹೋದ ಲವಣವೇ ಉಪ್ಪುಸರೋವರವನ್ನು ರೂಪಿಸುತ್ತದೆ. ಮಧ್ಯ ಏಷ್ಯಾದ ಕಜಾಕಿಸ್ತಾನದ ಸ್ಟೆಪ್ಪಿ ಹುಲ್ಲುಗಾವಲಿನಲ್ಲಿ, ರಾಜಧಾನಿ ಅಸ್ತಾನಾದ ನೈಋತ್ಯಕ್ಕಿರುವ ತೆಂಗಿಜ್ ಸರೋವರ ಇದಕ್ಕೆ ಉತ್ತಮ ಉದಾಹರಣೆ. ನೂರಾ ನದಿ ಅದಕ್ಕೆ ನೀರುಣಿಸುತ್ತದೆ, ಹೊರದಾರಿ ಇಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟುವ ಆ ನಾಡಿಗೆ ವಸಂತದಲ್ಲಿ ದೊಡ್ಡ ರಾಜಹಂಸಗಳು ಬಂದು ಮರಿಮಾಡುತ್ತವೆ. ಜಗತ್ತಿನ ಅತ್ಯಂತ ಉತ್ತರದ ರಾಜಹಂಸ ಸಂತಾನನೆಲೆ ಅದು. 2008ರಲ್ಲಿ ಆ ಪ್ರದೇಶ 'ಸರ್ಯಾರ್ಕಾ' ಎಂಬ ಹೆಸರಿನಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ನಮ್ಮ ದೇಶದಲ್ಲಿ ರಾಜಸ್ಥಾನದ ಸಾಂಭರ್ ಅತಿ ದೊಡ್ಡ ಒಳನಾಡು ಉಪ್ಪುಸರೋವರ. ಮಹಾರಾಷ್ಟ್ರದಲ್ಲಿಯೇ, ಬುಲ್ಢಾಣಾ ಜಿಲ್ಲೆಯ ಲೋಣಾರ್ ಉಲ್ಕೆಯ ಆಘಾತದಿಂದಾದ ಕುಳಿಯಲ್ಲಿ ನಿಂತ ಕ್ಷಾರ ಹಾಗೂ ಉಪ್ಪಿನ ನೀರು. 2020ರ ಜೂನ್‌ನಲ್ಲಿ ಉಪ್ಪನ್ನು ಪ್ರೀತಿಸುವ ಸೂಕ್ಷ್ಮಾಣುಗಳಿಂದ ಅದರ ನೀರು ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಅದೇ ವರ್ಷ ಲೋಣಾರ್ ರಾಮ್ಸಾರ್ ತಾಣವೂ ಆಯಿತು. ಇನ್ನು ಗುಜರಾತಿನ ಕಛ್‌ನ ರಣ ಪ್ರದೇಶವಂತೂ ಮಳೆಗಾಲದಲ್ಲಿ ನೀರು ತುಂಬಿ, ಬೇಸಿಗೆಯಲ್ಲಿ ಉಪ್ಪಿನ ಹಾಳೆಯಾಗುವ ಬೃಹತ್ ಬಯಲು.

ಇಂತಹ ನೀರಿನಲ್ಲಿ ಹೆಚ್ಚು ಬಗೆಯ ಜೀವಿಗಳು ಬದುಕಲಾರವು. ಆದರೆ ಬದುಕಬಲ್ಲ ಕೆಲವೇ ಪಾಚಿಗಳು ಹಾಗೂ ಸಣ್ಣ ಸೀಗಡಿಯಂತಹ ಜೀವಿಗಳು, ಸ್ಪರ್ಧೆಗೆ ಮೀನುಗಳೂ ಇಲ್ಲದುದರಿಂದ, ಎಣಿಸಲಾರದಷ್ಟು ಬೆಳೆಯುತ್ತವೆ. ಜಾತಿ ಕಡಮೆ, ಸಂಖ್ಯೆ ಅಪಾರ. ಇದೇ ಉಪ್ಪುನೀರಿನ ನಿಯಮ. ಈ ಊಟಕ್ಕೆ ಹೇಳಿ ಮಾಡಿಸಿದ ಕೊಕ್ಕು ರಾಜಹಂಸದ್ದು.

ಉಬ್ಬರ, ಇಳಿತ ಮತ್ತು ಕೆಸರಿನ ಸಿರಿ

ಸರೋವರಕ್ಕೂ ಖಾಡಿಗೂ ಇರುವ ದೊಡ್ಡ ವ್ಯತ್ಯಾಸವೆಂದರೆ ಉಬ್ಬರ ಮತ್ತು ಇಳಿತ. ಮುಂಬಯಿ ಕರಾವಳಿಯಲ್ಲಿ ದಿನಕ್ಕೆ ಎರಡು ಬಾರಿ ನೀರು ಏರಿ, ಎರಡು ಬಾರಿ ಇಳಿಯುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಈ ಏರಿಳಿತ ನಾಲ್ಕು ಮೀಟರಿಗೂ ಮೀರುತ್ತದೆ. ಇಳಿತದ ವೇಳೆ ನೂರಾರು ಎಕರೆ ಕೆಸರು ಬಯಲಾಗುತ್ತದೆ.

ದೂರದಿಂದ ನಿರ್ಜೀವವೆನಿಸುವ ಈ ಕೆಸರಿನ ಮೇಲ್ಪದರದಲ್ಲಿ ಬರಿಗಣ್ಣಿಗೆ ಕಾಣದ ಪಾಚಿಗಳು, ಅವನ್ನು ಮೇಯುವ ಹುಳುಗಳು, ಚಿಪ್ಪುಜೀವಿಗಳು, ಏಡಿಗಳು ತುಂಬಿರುತ್ತವೆ. ಒಂದು ಕೈ ಮಾತ್ರ ಅತಿಯಾಗಿ ದೊಡ್ಡದಾಗಿರುವ ಸಣ್ಣ ಏಡಿಯ ಗಂಡುಗಳು ಆ ಕೈಯನ್ನು ಬೀಸುತ್ತ ತಮ್ಮ ಬಿಲದ ಬಾಯಲ್ಲಿ ನಿಂತಿರುತ್ತವೆ. ನೀರು ಬಿಟ್ಟು ಕೆಸರಿನ ಮೇಲೆ ಕುಪ್ಪಳಿಸುತ್ತ ಸಾಗುವ ಮೀನೊಂದಿದೆ. ಇಲ್ಲಿಯ ಕೋಳಿ ಬೆಸ್ತರು ಅದನ್ನು 'ನಿವಟಿ' ಎನ್ನುತ್ತಾರೆ. ಚರ್ಮ ಒದ್ದೆಯಾಗಿರುವವರೆಗೂ ಅದು ಗಾಳಿಯಿಂದಲೇ ಉಸಿರಾಡಬಲ್ಲುದು.

ಹಕ್ಕಿಗಳ ದಿನಚರಿಯನ್ನು ಸೂರ್ಯನಿಗಿಂತ ಹೆಚ್ಚಾಗಿ ಈ ನೀರೇ ನಿರ್ಧರಿಸುತ್ತದೆ. ಇಳಿತವಾದಾಗ ಅವು ಕೆಸರುಬಯಲಿಗಿಳಿದು ಮೇಯುತ್ತವೆ. ಉಬ್ಬರದಲ್ಲಿ ಬಯಲು ಮುಳುಗಿದಾಗ ವಿಶ್ರಾಂತಿಗೆ ಆಳವಿಲ್ಲದ ಬೇರೆ ನೀರನ್ನು ಅರಸಿ ಹೋಗುತ್ತವೆ. ಭಾಂಡುಪಿನ ನೀರೆತ್ತುವ ಕೇಂದ್ರದ ಬಳಿಯ ಕೊಳಗಳು, ಉಪ್ಪಿನ ಆಗರಗಳು, ನವಿಮುಂಬಯಿಯ ಸೀವುಡ್ಸ್ ಮತ್ತು ನೆರೂಳ್ ಭಾಗದ ಜೌಗುಗಳು ಅಂತಹ ತಂಗುದಾಣಗಳು. ಊಟದ ಮನೆ ಒಂದು, ಮಲಗುವ ಮನೆ ಇನ್ನೊಂದು. ಎರಡರಲ್ಲಿ ಒಂದು ಇಲ್ಲವಾದರೂ ಹಕ್ಕಿಗೆ ಇಲ್ಲಿ ವಾಸವಿಲ್ಲ.

ಕಾಂಡ್ಲಾ ವನ

ಕೆಸರುಬಯಲಿನ ಅಂಚಿಗೆ ನಿಂತ ಹಸಿರು ಸಾಲೇ ಕಾಂಡ್ಲಾ ಕಾಡು. ಮರಾಠಿಯಲ್ಲಿ ಇದನ್ನು ಕಾಂದಳವನ, ಖಾರ್‌ಫುಟಿ ಎಂದು ಕರೆಯುತ್ತಾರೆ. ಭಾರತದಲ್ಲಿ ಕಂಡುಬರುವ ಕಾಂಡ್ಲಾ ಜಾತಿಗಳಲ್ಲಿ ಸುಮಾರು ಐದನೆಯ ಒಂದು ಭಾಗ ಥಾಣೆ ಖಾಡಿಯಲ್ಲಿದೆ. ಇಲ್ಲಿ ಅತಿ ಹೆಚ್ಚಾಗಿರುವುದು 'ತಿವರ್' ಎಂದು ಸ್ಥಳೀಯರು ಕರೆಯುವ ಅವಿಸೆನಿಯಾ ಮರಿನಾ.

ಈ ಮರದ ಬದುಕು ಎರಡು ಕಷ್ಟಗಳಿಗೆ ಕಂಡುಕೊಂಡ ಪರಿಹಾರದ ಕಥೆ. ಮೊದಲನೆಯದು ಉಪ್ಪು. ಬೇರುಗಳು ಉಪ್ಪಿನ ಹೆಚ್ಚು ಭಾಗವನ್ನು ಹೊರಗೇ ತಡೆಯುತ್ತವೆ. ಒಳಗೆ ಬಂದುದನ್ನು ಎಲೆಗಳ ಗ್ರಂಥಿಗಳು ಹೊರಹಾಕುತ್ತವೆ. ಬಿಸಿಲಿನಲ್ಲಿ ಎಲೆಯ ಮೇಲೆ ಉಪ್ಪಿನ ಹರಳು ಹೊಳೆಯುವುದನ್ನು ನೋಡಬಹುದು, ನಾಲಗೆಗೆ ತಾಗಿಸಿದರೆ ರುಚಿಯೂ ತಿಳಿಯುತ್ತದೆ. ಎರಡನೆಯದು ಉಸಿರು. ಕೆಸರಿನೊಳಗೆ ಗಾಳಿಯಿಲ್ಲವಾದ್ದರಿಂದ ಪೆನ್ಸಿಲಿನಂತಹ ಬೇರುಗಳು ನೆಲದಿಂದ ಮೇಲಕ್ಕೆ ಎದ್ದು ನಿಂತು ಗಾಳಿಯನ್ನು ಒಳಕ್ಕೆ ಎಳೆಯುತ್ತವೆ. ಈ ಬೇರುಗಳ ನಡುವೆ ಹೂಳು ತಂಗಿ ದಡ ಭದ್ರವಾಗುತ್ತದೆ, ಮೀನು ಸೀಗಡಿಗಳ ಮರಿಗಳು ಅಡಗಿ ಬೆಳೆಯುತ್ತವೆ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದುದನ್ನೂ, 2019ರ ಜುಲೈಯಲ್ಲಿ ಉಲ್ಹಾಸದ ನೆರೆಯಲ್ಲಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ವಾಂಗಣಿ ಬಳಿ ಸಿಲುಕಿದುದನ್ನೂ ನಾವಾರೂ ಮರೆತಿಲ್ಲ. ದೊಡ್ಡ ಮಳೆಯೂ ಸಮುದ್ರದ ಉಬ್ಬರವೂ ಏಕಕಾಲಕ್ಕೆ ಬಂದಾಗ ನೀರಿಗೆ ತಾತ್ಕಾಲಿಕವಾಗಿ ನಿಲ್ಲಲು ಸ್ಥಳ ಬೇಕು. ಕಾಂಡ್ಲಾ ವನ, ಕೆಸರುಬಯಲು, ಉಪ್ಪಿನ ಆಗರಗಳು ಆ ಸ್ಥಳ. ಅವನ್ನು ಮುಚ್ಚಿದಷ್ಟೂ ಆ ನೀರು ನಮ್ಮ ಬೀದಿಗಳಲ್ಲಿ, ಚಾಳು ಮತ್ತು ಸೊಸೈಟಿಗಳ ನೆಲಮಾಳಿಗೆಗಳಲ್ಲಿ ಸ್ಥಳ ಹುಡುಕುತ್ತದೆ.

ರಾಜಹಂಸಗಳು

ಫ್ಲೆಮಿಂಗೊ ಹಕ್ಕಿಗೆ ಕನ್ನಡದಲ್ಲಿ ರಾಜಹಂಸವೆಂಬ ಹೆಸರು ನಿಂತಿದೆ. ಮರಾಠಿಯಲ್ಲಿ ರೋಹಿತ್, ಅಗ್ನಿಪಂಖ್ ಎನ್ನುತ್ತಾರೆ. ಖಾಡಿಗೆ ಎರಡು ಜಾತಿಗಳು ಬರುತ್ತವೆ. ದೊಡ್ಡ ರಾಜಹಂಸದ ಮೈ ಬಹುಮಟ್ಟಿಗೆ ಬಿಳಿ, ಕೊಕ್ಕು ತಿಳಿಗುಲಾಬಿ, ತುದಿ ಮಾತ್ರ ಕಪ್ಪು. ಕಿರಿಯ ರಾಜಹಂಸ ಗಾತ್ರದಲ್ಲಿ ಸಣ್ಣದು, ಬಣ್ಣ ಹೆಚ್ಚು ಗಾಢ, ಕೊಕ್ಕು ಕಡುಗೆಂಪು. ಇಲ್ಲಿ ಸಂಖ್ಯೆಯಲ್ಲಿ ಹೆಚ್ಚಿರುವುದು ಕಿರಿಯದು. ಜಾಗತಿಕವಾಗಿ ಅದು ಅಪಾಯದ ಅಂಚಿಗೆ ಸಮೀಪಿಸಿದ ಜಾತಿಯೆಂದು ಪರಿಗಣಿತವಾಗಿದೆ.

ತಲೆಯನ್ನು ಬುಡಮೇಲು ಮಾಡಿ ಕೊಕ್ಕನ್ನು ನೀರಿಗೆ ಅದ್ದಿ ಉಣ್ಣುವುದು ಈ ಹಕ್ಕಿಯ ರೀತಿ. ನಾಲಗೆಯು ಪಂಪಿನಂತೆ ನೀರನ್ನು ಎಳೆದು ಹೊರಕ್ಕೆ ತಳ್ಳುತ್ತದೆ. ಕೊಕ್ಕಿನ ಒಳಗಿನ ಜರಡಿಯಂತಹ ಏಣುಗಳಲ್ಲಿ ಆಹಾರ ಉಳಿಯುತ್ತದೆ. ಕಿರಿಯದರ ಜರಡಿ ಬಹಳ ಸೂಕ್ಷ್ಮ, ಅದಕ್ಕೆ ನೀಲಿ-ಹಸಿರು ಪಾಚಿಯೇ ಮುಖ್ಯ ಆಹಾರ. ದೊಡ್ಡದರ ಜರಡಿ ಒರಟು, ಅದು ಸಣ್ಣ ಸೀಗಡಿ, ಹುಳು, ಚಿಪ್ಪುಜೀವಿಗಳನ್ನು ಸೋಸುತ್ತದೆ. ಹೀಗಾಗಿ ಒಂದೇ ನೀರಿನಲ್ಲಿ ನಿಂತರೂ ಎರಡಕ್ಕೂ ಜಗಳವಿಲ್ಲ. ಈ ಆಹಾರದಲ್ಲಿರುವ ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯದಿಂದಲೇ ಗರಿಗಳಿಗೆ ಗುಲಾಬಿ ಬಣ್ಣ. ಗಜ್ಜರಿಗೆ ಕೆಂಪು ಬಣ್ಣ ಕೊಡುವುದೂ ಇದೇ ವರ್ಗದ ದ್ರವ್ಯ. ಮರಿಗಳು ಹುಟ್ಟುವಾಗ ಬೂದುಬಣ್ಣದವು, ಕೊಕ್ಕೂ ನೇರ.

ಇವು ಥಾಣೆಯಲ್ಲಿ ಮರಿಮಾಡುವುದಿಲ್ಲ. ಕೆಸರನ್ನು ದಿಬ್ಬದಂತೆ ಪೇರಿಸಿ, ಮೇಲೆ ಒಂದೇ ಮೊಟ್ಟೆಯಿಡುವ ಇವುಗಳಿಗೆ ಮನುಷ್ಯರೂ ನರಿನಾಯಿಗಳೂ ಸುಳಿಯದ ಉಪ್ಪುಬಯಲು ಬೇಕು. ಭಾರತದಲ್ಲಿ ಅಂತಹ ನೆಲೆ ಕಛ್‌ನ ರಣ. ಮುಂಬಯಿಯವರೇ ಆದ ಪಕ್ಷಿತಜ್ಞ ಸಲೀಂ ಅಲಿ 1945ರಲ್ಲಿ ಅಲ್ಲಿಗೆ ಹೋಗಿ 'ಫ್ಲೆಮಿಂಗೊ ನಗರ'ವೆಂದು ಪ್ರಸಿದ್ಧವಾದ ಆ ನೆಲೆಯನ್ನು ಅಧ್ಯಯನ ಮಾಡಿದರು. ಏಷ್ಯಾದಲ್ಲಿ ಕಿರಿಯ ರಾಜಹಂಸದ ಸಂತಾನ ಬಹುತೇಕ ಆ ರಣ ಪ್ರದೇಶವನ್ನೇ ಅವಲಂಬಿಸಿದೆ. ಆಫ್ರಿಕದಲ್ಲಿ ತಾಂಜಾನಿಯಾದ ನಾಟ್ರಾನ್ ಸರೋವರ ಅಂತಹ ಇನ್ನೊಂದು ನೆಲೆ. ಅಂದರೆ ಕಛ್‌ನಲ್ಲಿ ಮಳೆ ತಪ್ಪಿದರೆ ಅಥವಾ ನೆಲೆ ಕೆಟ್ಟರೆ ಅದರ ಪರಿಣಾಮ ಐರೋಲಿಯಲ್ಲಿ ಕಾಣುತ್ತದೆ.

ಮುಂಬಯಿಯ ಶಿವ್ಡಿ ಕೆಸರುಬಯಲಿನಲ್ಲಿ 1990ರ ದಶಕದಿಂದ ರಾಜಹಂಸಗಳು ದೊಡ್ಡ ಸಂಖ್ಯೆಯಲ್ಲಿ ಕಾಣತೊಡಗಿದವು. ಸಾಮಾನ್ಯವಾಗಿ ನವೆಂಬರ್, ಡಿಸೆಂಬರ್ ತಿಂಗಳಲ್ಲಿ ಬಂದು ಮಳೆಗಾಲದ ಮುನ್ನ, ಮೇ ಅಂತ್ಯದ ವೇಳೆಗೆ ಹೊರಡುತ್ತವೆ. 1883ರಲ್ಲಿ ಸ್ಥಾಪಿತವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು 2019ರ ಆರಂಭದಲ್ಲಿ ನಡೆಸಿದ ಗಣತಿಯಲ್ಲಿ ಸುಮಾರು 1,20,000 ರಾಜಹಂಸಗಳು ಎಣಿಕೆಗೆ ಸಿಕ್ಕವು. 2022ರಲ್ಲಿ ಅದೇ ಸಂಸ್ಥೆ ಕೆಲವು ಹಕ್ಕಿಗಳಿಗೆ ಉಪಗ್ರಹದ ನೆರವಿನ ಸಂಕೇತಯಂತ್ರವನ್ನು ಜೋಡಿಸಿ ಅವುಗಳ ಪಯಣವನ್ನು ಗಮನಿಸಿತು. ಗುಜರಾತಿಗೆ ಹಾರಿಹೋದ ಹಕ್ಕಿ ಮುಂದಿನ ಋತುವಿನಲ್ಲಿ ಇಲ್ಲಿಗೇ ಮರಳಿದುದೂ ಆಗ ದಾಖಲಾಯಿತು.

ಇತರ ಜೀವಸಂಕುಲ

ರಾಜಹಂಸದ ಬಣ್ಣಕ್ಕೆ ಮಾರುಹೋಗಿ ನಾವು ಉಳಿದವನ್ನು ಮರೆಯಬಾರದು. ಖಾಡಿಯ ಪರಿಸರದಲ್ಲಿ ಇನ್ನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ಗುರುತಿಸಲಾಗಿದೆ. ಮಧ್ಯ ಏಷ್ಯಾದ ವಲಸೆಮಾರ್ಗವೆಂದು ಕರೆಯಲಾಗುವ, ಸೈಬೀರಿಯಾದಿಂದ ಹಿಂದೂ ಮಹಾಸಾಗರದವರೆಗಿನ ಆಕಾಶಮಾರ್ಗದಲ್ಲಿ ಥಾಣೆ ಖಾಡಿ ಒಂದು ಮುಖ್ಯ ನಿಲ್ದಾಣ. ಗುಬ್ಬಿಯ ಗಾತ್ರಕ್ಕಿಂತ ತುಸುವೇ ದೊಡ್ಡದಾದ ಗೊರವ ಜಾತಿಯ ಹಕ್ಕಿಗಳು ಉತ್ತರಧ್ರುವದ ಸಮೀಪದ ಬಯಲಿನಲ್ಲಿ ಮರಿಮಾಡಿ, ಸಾವಿರಾರು ಮೈಲಿ ಹಾರಿ ಈ ಕೆಸರಿಗೆ ಬರುತ್ತವೆ. ಸ್ಟೆಪ್ಪಿಯ ಒದ್ದೆ ಹುಲ್ಲುಗಾವಲುಗಳಲ್ಲಿ ಮರಿಮಾಡುವ ಉದ್ದ ಕೊಕ್ಕಿನ, ಕಪ್ಪು ಬಾಲದ ಗೊರವವೂ ಇಲ್ಲಿ ಚಳಿಗಾಲ ಕಳೆಯುತ್ತದೆ. ಕಡಲಕ್ಕಿಗಳು, ಮೆಟ್ಟುಗಾಲ ಹಕ್ಕಿಗಳು, ಬಣ್ಣದ ಕೊಕ್ಕರೆಗಳು, ಬಿಳಿ ಬೆಳ್ಳಕ್ಕಿ, ಮಿಂಚುಳ್ಳಿ, ಗರುಡ ಹಾಗೂ ನೀರಿಗೆರಗಿ ಮೀನು ಹಿಡಿಯುವ ಡೇಗೆಗಳು ಇಲ್ಲಿಯ ನಿತ್ಯದ ಅಥವಾ ಋತುಮಾನದ ನಿವಾಸಿಗಳು. ವಿಕ್ರೋಲಿ, ಐರೋಲಿಗಳ ಕಾಂಡ್ಲಾ ಪೊದೆಗಳಲ್ಲಿ ನರಿಗಳು ಇಂದಿಗೂ ಇವೆ ಎಂದರೆ ಹಲವರಿಗೆ ಆಶ್ಚರ್ಯವಾಗಬಹುದು. ಏಡಿಗಳನ್ನೂ ಸಣ್ಣಪುಟ್ಟ ಪ್ರಾಣಿಗಳನ್ನೂ ತಿಂದು ಅವು ಮಹಾನಗರದ ಮಗ್ಗುಲಲ್ಲೇ ಬದುಕುತ್ತಿವೆ.

ಇಲ್ಲಿ ನಮ್ಮ ನಾಡಿನ ಒಂದು ಹಕ್ಕಿಯನ್ನೂ ನೆನೆಯಬೇಕು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ಟುಗಳ ಎತ್ತರದ ಸರೋವರಗಳಲ್ಲಿ ಮರಿಮಾಡುವಂಥವು. ಹಿಮಾಲಯವನ್ನೇ ದಾಟಿ ಬರುತ್ತವೆ. ಸಂಸ್ಕೃತ ಕಾವ್ಯಗಳಲ್ಲಿ ಮಾನಸ ಸರೋವರಕ್ಕೆ ಹಾರುವ ಹಂಸ ಈ ಹೆಬ್ಬಾತೇ ಇರಬೇಕೆಂದು ಕೆಲವು ವಿದ್ವಾಂಸರ ಅಭಿಪ್ರಾಯ. ಕವಿಗಳ ಹಂಸ ಯಾವುದಾದರೂ ಇರಲಿ, ಸ್ಟೆಪ್ಪಿಯ ಸರೋವರ, ಗದಗಿನ ಕೆರೆ, ಥಾಣೆಯ ಕೆಸರು ಇವು ಒಂದೇ ದಾರಿಯ ಮೇಲಿನ ಊರುಗಳು ಎಂಬುದಂತೂ ನಿಜ.

ಉಪ್ಪಿನ ಆಗರ ಮತ್ತು ಜನಜೀವನ

ಖಾಡಿಯ ಮೊದಲ ಒಡನಾಡಿಗಳು ಕೋಳಿ ಹಾಗೂ ಆಗ್ರಿ ಜನ. ಮೀನು, ಏಡಿ, ಸೀಗಡಿ ಕೋಳಿಗಳ ಜೀವನ. ಉಪ್ಪಿನ 'ಆಗರ'ದಿಂದಲೇ ಆಗ್ರಿ ಎಂಬ ಹೆಸರು ಬಂದಿತೆಂದು ಹೇಳುತ್ತಾರೆ. ಭಾಂಡುಪ್, ಕಾಂಜೂರ್‌ಮಾರ್ಗ್, ಮುಲುಂಡ್ ಕಡೆಯ ಆಗರಗಳಲ್ಲಿ ಉಬ್ಬರದ ನೀರನ್ನು ಕಟ್ಟೆಯೊಳಗೆ ಹಿಡಿದು, ಮಡಿಯಿಂದ ಮಡಿಗೆ ಹಾಯಿಸಿ, ಬಿಸಿಲಿಗೆ ಬಿಟ್ಟು ಉಪ್ಪು ತೆಗೆಯುತ್ತ ಬಂದರು. ಒಂದು ರೀತಿಯಲ್ಲಿ ಇದು ಮನುಷ್ಯ ತನ್ನ ಕೈಯಿಂದ ಕಟ್ಟಿದ ಕಿರು ಉಪ್ಪುಸರೋವರ. ಹಕ್ಕಿಗಳು ಅದನ್ನು ಹಾಗೆಯೇ ಭಾವಿಸಿ ಇಳಿಯುತ್ತವೆ.

ಉತ್ತರ ಕನ್ನಡದಿಂದ ಬಂದವರಿಗೆ ಇದು ಅಪರಿಚಿತ ದೃಶ್ಯವಲ್ಲ. ಗೋಕರ್ಣದ ಸಮೀಪದ ಸಾಣಿಕಟ್ಟೆಯ ಉಪ್ಪಿನ ಆಗರಗಳು ಇದೇ ವಿಧಾನದವು. ಅಘನಾಶಿನಿಯ ಅಳಿವೆಯಲ್ಲಿ ಕಟ್ಟೆ ಹಾಕಿದ ಗಜನಿ ಗದ್ದೆಗಳಲ್ಲಿ, ಉಪ್ಪುನೀರನ್ನು ಸಹಿಸುವ ಕಗ್ಗ ಭತ್ತವನ್ನು ನಮ್ಮ ರೈತರು ತಲೆಮಾರುಗಳಿಂದ ಬೆಳೆದಿದ್ದಾರೆ. ಅಘನಾಶಿನಿ ಅಳಿವೆ, ಮಾಗಡಿ ಕೆರೆ ಹಾಗೂ ವಿಜಯನಗರ ಜಿಲ್ಲೆಯ ಅಂಕಸಮುದ್ರ ಮೂರೂ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದವು. ರಂಗನತಿಟ್ಟು 2022ರಲ್ಲಿಯೇ ಸೇರಿತ್ತು.

ಈ ಖಾಡಿಯ ದಡಕ್ಕೂ ಕನ್ನಡಕ್ಕೂ ಇರುವ ನಂಟು ವಲಸೆ ಬಂದ ನಮ್ಮ ಹಿರಿಯರಿಂದ ಆರಂಭವಾದುದಲ್ಲ. ಥಾಣೆಯನ್ನು ಶ್ರೀಸ್ಥಾನಕವೆಂದು ಕರೆದ ಉತ್ತರ ಕೊಂಕಣದ ಶಿಲಾಹಾರರು ಮೊದಲಿಗೆ ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿದ್ದರು. ಸಾಷ್ಟಿ ದ್ವೀಪದ ಕನ್ಹೇರಿ ಗುಹೆಗಳಲ್ಲಿ ಒಂಬತ್ತನೆಯ ಶತಮಾನದ ಶಾಸನಗಳು ಅಮೋಘವರ್ಷ ನೃಪತುಂಗನ ಹೆಸರನ್ನು ಹೇಳುತ್ತವೆ.

ಕಾನೂನಿನ ರಕ್ಷಣೆ

ಬೊಂಬಾಯಿ ಉಚ್ಚ ನ್ಯಾಯಾಲಯವು 2005ರ ಅಕ್ಟೋಬರ್‌ನಲ್ಲಿ ಕಾಂಡ್ಲಾ ನಾಶಕ್ಕೆ ತಡೆಯಾಜ್ಞೆ ನೀಡಿತು. 2018ರ ಸೆಪ್ಟೆಂಬರ್‌ನ ತೀರ್ಪಿನಲ್ಲಿ ಆ ರಕ್ಷಣೆಯನ್ನು ಇನ್ನಷ್ಟು ದೃಢಪಡಿಸಿತು. ಮಹಾರಾಷ್ಟ್ರ ಸರಕಾರ 2012ರಲ್ಲಿ ಕಾಂಡ್ಲಾ ವನಗಳಿಗಾಗಿಯೇ ಅರಣ್ಯ ಇಲಾಖೆಯಲ್ಲಿ ಪ್ರತ್ಯೇಕ ಘಟಕವನ್ನು ರಚಿಸಿತು. 2015ರ ಆಗಸ್ಟ್‌ನಲ್ಲಿ ಐರೋಲಿ ಮತ್ತು ವಾಶಿ ಸೇತುವೆಗಳ ನಡುವಣ 1690 ಹೆಕ್ಟೇರು ಪ್ರದೇಶವನ್ನು ಥಾಣೆ ಖಾಡಿ ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಿಸಲಾಯಿತು. ಇದರಲ್ಲಿ 896 ಹೆಕ್ಟೇರು ಕಾಂಡ್ಲಾ ವನ, ಉಳಿದುದು ನೀರು ಮತ್ತು ಕೆಸರು. ರಾಮ್ಸಾರ್ ತಾಣದ ವ್ಯಾಪ್ತಿ ಸುತ್ತಲಿನ ಪ್ರದೇಶವೂ ಸೇರಿ 6521 ಹೆಕ್ಟೇರು.

ಆದರೆ ಒಂದು ಕೊರತೆಯನ್ನು ಗಮನಿಸಬೇಕು. ರಾಮ್ಸಾರ್ ಒಪ್ಪಂದದ ದೃಷ್ಟಿಯಲ್ಲಿ ಉಪ್ಪಿನ ಆಗರವೂ ಜೌಗುಭೂಮಿಯೇ. ನಮ್ಮ ದೇಶದ 2017ರ ಜೌಗುಭೂಮಿ ನಿಯಮಗಳಾದರೋ ಉಪ್ಪು ತಯಾರಿಕೆಗೆಂದು ಮಾಡಿದ ಜಲಪ್ರದೇಶಗಳನ್ನು ವ್ಯಾಖ್ಯೆಯಿಂದ ಹೊರಗಿಟ್ಟಿವೆ. 2024ರಲ್ಲಿ ರಾಜ್ಯ ಸರಕಾರ ಧಾರಾವಿ ಪುನರ್ವಸತಿಗಾಗಿ ಪೂರ್ವ ಉಪನಗರಗಳ ಸುಮಾರು 256 ಎಕರೆ ಉಪ್ಪಿನ ಭೂಮಿಗೆ ಒಪ್ಪಿಗೆ ಕೊಟ್ಟಿತು. ಬಡವರಿಗೆ ಮನೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಳೆನೀರು ನಿಲ್ಲುವ ತಗ್ಗಿನಲ್ಲಿ ಕಟ್ಟಿದ ಮನೆಯಲ್ಲಿ ಆ ಬಡವರೇ ನೆನೆಯಬೇಕಾಗುತ್ತದೆ ಎಂಬ ಆಕ್ಷೇಪವೂ ತಳ್ಳಿಹಾಕುವಂಥದಲ್ಲ.

ಗುಲಾಬಿ ಬಣ್ಣದ ಹಿಂದಿನ ಆತಂಕ

ಹಕ್ಕಿಗಳು ಲಕ್ಷದ ಸಂಖ್ಯೆಯಲ್ಲಿ ಬರುತ್ತಿರುವಾಗ ಖಾಡಿ ಆರೋಗ್ಯವಾಗಿಯೇ ಇರಬೇಕಲ್ಲವೇ ಎಂದು ಕೇಳುವವರುಂಟು. ಉತ್ತರ ಅಷ್ಟು ಸರಳವಲ್ಲ. 1960ರ ದಶಕದಿಂದ ಥಾಣೆ ಬೇಲಾಪುರ ಪಟ್ಟಿಯ ಕಾರ್ಖಾನೆಗಳ ತ್ಯಾಜ್ಯವೂ ಎರಡೂ ದಡಗಳ ನಗರಗಳ ಕೊಳಚೆಯೂ ಈ ನೀರಿಗೆ ಬಂದಿವೆ. ದೇವನಾರಿನ ಕಸದ ಗುಡ್ಡ ಇದರ ದಂಡೆಯ ಮೇಲೆಯೇ ಇದೆ. ಕೆಸರಿನಲ್ಲಿ ಭಾರಲೋಹಗಳು ಸೇರಿರುವುದನ್ನು ಅಧ್ಯಯನಗಳು ತೋರಿಸಿವೆ. ಕೊಳಚೆಯ ಸಾರದಿಂದ ನೀಲಿ-ಹಸಿರು ಪಾಚಿ ಹುಲುಸಾಗಿ ಬೆಳೆಯುತ್ತದೆ. ಕಿರಿಯ ರಾಜಹಂಸಗಳು ಹೆಚ್ಚಲು ಇದೂ ಒಂದು ಕಾರಣವಿರಬೇಕೆಂದು ತಜ್ಞರು ಭಾವಿಸುತ್ತಾರೆ. ಅದೇ ಕೊಳಚೆಯಿಂದ ನೀರಿನ ಆಮ್ಲಜನಕ ಕುಗ್ಗಿ, ಮೀನು ಕಡಮೆಯಾಗಿ, ಕೋಳಿಗಳ ಬಲೆ ಬರಿದಾಗುತ್ತದೆ. ಹೀಗಾಗಿ ಗುಲಾಬಿ ಹಿಂಡು ಖಾಡಿಯ ಆರೋಗ್ಯಕ್ಕೆ ದೊರೆತ ಪ್ರಮಾಣಪತ್ರವಲ್ಲ. ಒಂದು ಜಾತಿಗೆ ಹಬ್ಬವಾದುದು ಹತ್ತು ಜಾತಿಗಳಿಗೆ ಉಪವಾಸವಾಗಿರಬಹುದು. ಪಾಚಿಯ ಊಟವೂ ಒಂದು ಮಿತಿಯನ್ನು ಮೀರಿದರೆ ವಿಷವಾಗಬಹುದು. 2019ರ ನವೆಂಬರ್‌ನಲ್ಲಿ ಸಾಂಭರ್ ಸರೋವರದಲ್ಲಿ ಬಾಟ್ಯುಲಿಸಂ ಎಂಬ ಸೂಕ್ಷ್ಮಾಣು ವಿಷದಿಂದ ಸುಮಾರು 18,000 ಹಕ್ಕಿಗಳು ಸತ್ತವು. ಉಪ್ಪುನೀರಿನ ಸಮತೋಲ ಎಷ್ಟು ಸೂಕ್ಷ್ಮವೆಂಬುದಕ್ಕೆ ಅದು ಎಚ್ಚರಿಕೆ.

ತಂಗುದಾಣಗಳ ಸ್ಥಿತಿಯೂ ಕಳವಳಕಾರಿ. ನೆರೂಳಿನ ಡಿಪಿಎಸ್ ಶಾಲೆಯ ಹಿಂದಿನ ಸರೋವರಕ್ಕೆ ಖಾಡಿಯ ನೀರು ಬರುವ ದಾರಿ ಮುಚ್ಚಿ ಅದು ಒಣಗಿದಾಗ, 2024ರ ಏಪ್ರಿಲ್‌ನಲ್ಲಿ ಅದರ ಸುತ್ತಮುತ್ತ ಹಲವು ರಾಜಹಂಸಗಳು ಸತ್ತವು, ಕೆಲವು ಗಾಯಗೊಂಡವು. ಮುಂದಿನ ತಿಂಗಳು, ಮೇ 20ರ ರಾತ್ರಿ ಘಾಟ್ಕೋಪರ್ ಮೇಲೆ ಇಳಿಯುತ್ತಿದ್ದ ವಿಮಾನಕ್ಕೆ ಬಡಿದು ಸುಮಾರು ನಲವತ್ತು ಹಕ್ಕಿಗಳು ಮಡಿದವು. ಡಿಪಿಎಸ್ ಸರೋವರವನ್ನು ಸಂರಕ್ಷಿತ ತಾಣವಾಗಿಸುವ ನಿರ್ಧಾರಕ್ಕೆ 2025ರಲ್ಲಿ ರಾಜ್ಯ ವನ್ಯಜೀವಿ ಮಂಡಳಿಯ ಒಪ್ಪಿಗೆ ದೊರೆಯಿತು. ಅಭಯಾರಣ್ಯದ ಗಡಿಯೊಳಗೆ ಮಾತ್ರ ರಕ್ಷಣೆ ಸಾಲದು, ಉಬ್ಬರದ ಹೊತ್ತಿನ ಆಸರೆಗಳೂ ಉಳಿಯಬೇಕು ಎಂಬುದನ್ನು ಈ ಹಕ್ಕಿಗಳ ಸಾವು ಕಲಿಸಿದೆ.

ನೋಡಬಯಸುವವರಿಗೆ

ಐರೋಲಿಯಲ್ಲಿ ಅರಣ್ಯ ಇಲಾಖೆಯ ಕರಾವಳಿ ಹಾಗೂ ಸಾಗರ ಜೀವವೈವಿಧ್ಯ ಕೇಂದ್ರವಿದೆ. ಋತುವಿನಲ್ಲಿ ಅಲ್ಲಿಂದ ದೋಣಿ ಸಂಚಾರದ ವ್ಯವಸ್ಥೆಯುಂಟು. ಮೊದಲೇ ವಿಚಾರಿಸಿ ಹೋಗುವುದು ಉಚಿತ, ಏಕೆಂದರೆ ದೋಣಿಯ ವೇಳೆ ನೀರಿನ ಏರಿಳಿತವನ್ನು ಅನುಸರಿಸುತ್ತದೆ. ಜನವರಿಯಿಂದ ಏಪ್ರಿಲ್‌ವರೆಗಿನ ಕಾಲ ಪ್ರಶಸ್ತ. ಮನೆಯಲ್ಲಿರುವ ಪಂಚಾಂಗವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಹುಣ್ಣಿಮೆ, ಅಮಾವಾಸ್ಯೆಗಳ ಬಳಿ ಏರಿಳಿತ ಹೆಚ್ಚು, ಅಷ್ಟಮಿಯ ಬಳಿ ಕಡಮೆ. ಹಕ್ಕಿಗಳು ಹಾರಲೆಂದು ಕೂಗುವುದು, ಕಲ್ಲೆಸೆಯುವುದು ಸಲ್ಲದು. ಮೇಯುವ ಹೊತ್ತಿನಲ್ಲಿ ಎಬ್ಬಿಸಿದರೆ ಅವುಗಳ ಶಕ್ತಿ ವ್ಯರ್ಥವಾಗುತ್ತದೆ. ಗಣೇಶೋತ್ಸವ, ನವರಾತ್ರಿಗಳ ನಂತರ ನಿರ್ಮಾಲ್ಯವನ್ನು ಪ್ಲಾಸ್ಟಿಕ್ ಚೀಲ ಸಮೇತ ಸೇತುವೆಯಿಂದ ನೀರಿಗೆ ಎಸೆಯುವ ಅಭ್ಯಾಸವನ್ನು ನಮ್ಮ ಮನೆಗಳಿಂದಲೇ ನಿಲ್ಲಿಸಬೇಕಾಗಿದೆ.

ಪರಿಸರದ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ಏರ್ಪಡಿಸುವ ವಿಹಾರಗಳಲ್ಲಿ ಐರೋಲಿಯೂ ಸೇರಲಿ ಎಂಬುದು ನಮ್ಮ ಆಶಯ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ರಂಗನತಿಟ್ಟು, ಅಘನಾಶಿನಿ ರಜೆಯಲ್ಲಿ ನೋಡುವ ಸ್ಥಳಗಳು. ಅವರ ನಿತ್ಯದ ಊರು ಈ ಖಾಡಿಯ ದಡವೇ. ಕೆಸರು, ಪೊದೆ, ಉಪ್ಪುನೀರು ಎಂದರೆ ಏನೂ ಇಲ್ಲದ ಜಾಗವಲ್ಲ, ಈಗಾಗಲೇ ಭರ್ತಿಯಾಗಿರುವ ಜಾಗ ಎಂಬ ತಿಳಿವಳಿಕೆ ಅವರಲ್ಲಿ ಮೂಡಿದರೆ, ಮುಂದೆ ಅದನ್ನು ಮುಚ್ಚಲು ಮಣ್ಣಿನ ಲಾರಿಗಳು ಬಂದಾಗ ಪ್ರಶ್ನಿಸುವವರಲ್ಲಿ ನಮ್ಮವರೂ ಇರುತ್ತಾರೆ.